ಜೀರ್ಣಾಂಗಗಳ ಕ್ಯಾನ್ಸರ್ ದೇಹದಲ್ಲಿ ಹರಡುವ ಬಗೆ: ವರದಿ ಹಿಡಿದು ಬರುವ ಮನೆಯವರಿಗೊಂದು ಕೈಪಿಡಿ

ಗಡಿನಾಡಿನ ಕನ್ನಡ ಶಾಲೆಗಳಿಗೆ ಪೋಷಕರು ತರುವ ಕಾಗದಗಳಲ್ಲಿ ಆಸ್ಪತ್ರೆಯ ವರದಿಗಳೂ ಇರುತ್ತವೆ. ವರದಿ ಇಂಗ್ಲಿಷಿನಲ್ಲಿರುತ್ತದೆ, ವೈದ್ಯರ ಮಾತು ಮಲಯಾಳದಲ್ಲೋ ತಮಿಳಿನಲ್ಲೋ ಮರಾಠಿಯಲ್ಲೋ ತೆಲುಗಿನಲ್ಲೋ ಇರುತ್ತದೆ. ಸಂತೆಗೆ, ಬಸ್ಸಿಗೆ, ಕಚೇರಿಗೆ ಬೇಕಾಗುವಷ್ಟು ಆ ಭಾಷೆಗಳು ನಮಗೆ ಬರುತ್ತವೆ. ಕಾಯಿಲೆಯ ಮಾತು ಬಂದಾಗ ಆ ತಿಳಿವು ಸಾಲದಾಗುತ್ತದೆ. ಅರ್ಧ ಕೇಳಿಸಿಕೊಂಡು ಬಂದವರು ಉಳಿದರ್ಧವನ್ನು ತಿಳಿಯಲು ಮಕ್ಕಳ ಮೇಷ್ಟ್ರುಗಳ ಬಳಿಗೆ ಬರುತ್ತಾರೆ.

ಹಾಗೆ ಬಂದ ತಾಯಿಯೊಬ್ಬರು ನಮ್ಮನ್ನು ಕೇಳಿದ ಪ್ರಶ್ನೆಯೇ ಈ ಬರಹಕ್ಕೆ ಕಾರಣ. “ಮಾಷ್ಟ್ರೇ, ಹೋದ ವರ್ಷ ಇವರಿಗೆ ಕರುಳಿನ ಕ್ಯಾನ್ಸರ್ ಅಂದರು, ಆಪರೇಶನ್ ಆಯಿತು. ಈಗ ಲಿವರಿನಲ್ಲಿ ಇದೆ ಅನ್ನುತ್ತಾರೆ. ಒಬ್ಬರಿಗೇ ಎರಡು ಕ್ಯಾನ್ಸರ್ ಬರುವುದುಂಟಾ? ಕತ್ತಿ ತಾಗಿಸಿದ್ದರಿಂದಲೇ ಹೀಗಾಯಿತಾ?”

ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಕಾಯಿಲೆ ಎರಡಲ್ಲ, ಒಂದೇ. ಕರುಳಿನಲ್ಲಿ ಹುಟ್ಟಿದ ಕ್ಯಾನ್ಸರಿನ ಕಣಗಳು ಯಕೃತ್ತಿಗೆ ಹೋಗಿ ನೆಲೆಸಿರುತ್ತವೆ. ಹಾಗೆ ಹೋಗಲು ದೇಹದಲ್ಲಿ ಮೊದಲೇ ಇರುವ ದಾರಿಗಳಿವೆ. ಆ ದಾರಿಗಳನ್ನು ತಿಳಿದರೆ ಸ್ಕ್ಯಾನ್ ಏಕೆ ಬೇಕು, ‘ಸ್ಟೇಜ್’ ಎಂದರೇನು, ಒಬ್ಬರಿಗೆ ಮೊದಲು ಆಪರೇಶನ್ ಮಾಡಿ ಇನ್ನೊಬ್ಬರಿಗೆ ಮೊದಲು ಔಷಧ ಕೊಡುವುದೇಕೆ ಎಂಬುದೆಲ್ಲ ಅರ್ಥವಾಗುತ್ತದೆ. ಈ ಬರಹ ವೈದ್ಯರ ಸಲಹೆಗೆ ಬದಲಿಯಾಗದು; ವೈದ್ಯರು ಹೇಳುವುದನ್ನು ತಿಳಿದುಕೊಳ್ಳಲು, ಅವರನ್ನು ಸರಿಯಾಗಿ ಪ್ರಶ್ನಿಸಲು ಇದು ನೆರವಾದೀತು.

ಜೀರ್ಣಾಂಗಗಳ ಕ್ಯಾನ್ಸರ್ ಎಂದರೆ

ಬಾಯಿಂದ ಗುದದ್ವಾರದವರೆಗೆ ಆಹಾರ ಸಾಗುವುದು ಒಂದೇ ಉದ್ದನೆಯ ಕೊಳವೆಯಲ್ಲಿ. ಅನ್ನನಾಳ, ಜಠರ, ಸಣ್ಣ ಕರುಳು, ದೊಡ್ಡ ಕರುಳು, ಗುದನಾಳ ಎಂಬುವು ಅದರ ಭಾಗಗಳು. ಯಕೃತ್ತು, ಪಿತ್ತಕೋಶ, ಮೇದೋಜೀರಕ ಗ್ರಂಥಿಗಳು ಈ ಕೊಳವೆಗೆ ಜೀರ್ಣರಸಗಳನ್ನು ಒದಗಿಸುವ ಅಂಗಗಳು. ಇವುಗಳಲ್ಲಿ ಯಾವುದರಲ್ಲಿ ಕ್ಯಾನ್ಸರ್ ಹುಟ್ಟಿತೋ ಅದರ ಹೆಸರಿನಿಂದಲೇ ಆ ಕಾಯಿಲೆಯನ್ನು ಕರೆಯುತ್ತಾರೆ. ಕಾಯಿಲೆ ಬೇರೆಡೆಗೆ ಹೋದರೂ ಹೆಸರು ಬದಲಾಗುವುದಿಲ್ಲ. ದೊಡ್ಡ ಕರುಳಿನಿಂದ ಯಕೃತ್ತಿಗೆ ಹೋದ ಗಡ್ಡೆಯ ಚೂರನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರೆ ಅಲ್ಲಿ ಕಾಣುವುದು ಯಕೃತ್ತಿನ ಜೀವಕೋಶಗಳಲ್ಲ, ಕರುಳಿನ ಜೀವಕೋಶಗಳನ್ನು ಹೋಲುವ ಕಣಗಳು. ಆದುದರಿಂದ ಅದಕ್ಕೆ ಕೊಡುವ ಔಷಧವೂ ಕರುಳಿನ ಕ್ಯಾನ್ಸರಿನ ಔಷಧವೇ. ಯಕೃತ್ತಿನಲ್ಲಿಯೇ ಹುಟ್ಟುವ ಕ್ಯಾನ್ಸರ್ ಬೇರೆ, ಅದರ ಚಿಕಿತ್ಸೆಯೂ ಬೇರೆ. ‘ಲಿವರ್ ಕ್ಯಾನ್ಸರ್’ ಎಂಬ ಒಂದು ಮಾತು ಕೇಳಿ ಮನೆಯವರು ಕಂಗೆಡುವ ಮೊದಲು ಅದು ಯಕೃತ್ತಿನಲ್ಲಿ ಹುಟ್ಟಿದ್ದೋ ಅಲ್ಲಿಗೆ ಬಂದದ್ದೋ ಎಂದು ಕೇಳಿಕೊಳ್ಳಬೇಕು.

ಹುಟ್ಟಿದ ಜಾಗವನ್ನು ಬಿಟ್ಟು ದೂರದ ಅಂಗದಲ್ಲಿ ನೆಲೆಯೂರುವುದಕ್ಕೆ ವೈದ್ಯರು ಮೆಟಾಸ್ಟೇಸಿಸ್ ಎನ್ನುತ್ತಾರೆ. ಕ್ಯಾನ್ಸರಿನ ವಿಷಯದಲ್ಲಿ ಈ ಪದವನ್ನು ಬಳಕೆಗೆ ತಂದವನು ಫ್ರಾನ್ಸಿನ ವೈದ್ಯ ರೆಕಾಮಿಯೇ, ಅದು 1829ರಲ್ಲಿ. ಕನ್ನಡದಲ್ಲಿ ಇದನ್ನು ಸ್ಥಾನಾಂತರ ಎನ್ನಬಹುದು.

ಗೋಡೆಯ ಪದರಗಳು

ಹರಡುವಿಕೆಯ ಮೊದಲ ಹಂತ ನಡೆಯುವುದು ಕೊಳವೆಯ ಗೋಡೆಯೊಳಗೆ. ಕರುಳಿನ ಗೋಡೆಯನ್ನು ಒಳಗಿನಿಂದ ಹೊರಕ್ಕೆ ನೋಡಿದರೆ ನಾಲ್ಕು ಪದರಗಳು. ಆಹಾರ ತಾಗುವ ಒಳಪದರ ಲೋಳೆಪೊರೆ. ಅದರ ಕೆಳಗೆ ರಕ್ತನಾಳಗಳೂ ದುಗ್ಧರಸನಾಳಗಳೂ ಹೆಣೆದುಕೊಂಡಿರುವ ಸಡಿಲ ಪದರ. ಅದರಾಚೆಗೆ ಆಹಾರವನ್ನು ಮುಂದೆ ತಳ್ಳುವ ಸ್ನಾಯುಪದರ. ಕೊನೆಯದು ತೆಳುವಾದ, ನುಣುಪಾದ ಹೊರಪೊರೆ.

ಈ ಅಂಗಗಳ ಬಹುಪಾಲು ಕ್ಯಾನ್ಸರುಗಳು ಒಳಗಿನ ಲೋಳೆಪೊರೆಯಲ್ಲಿ ಹುಟ್ಟುತ್ತವೆ. ದೊಡ್ಡ ಕರುಳಿನಲ್ಲಿ ಸಾಮಾನ್ಯವಾಗಿ ಮೊದಲು ಕಾಣುವುದು ಪಾಲಿಪ್ ಎಂಬ ಸಣ್ಣ ಮಾಂಸದ ಕುಡಿ. ಎಲ್ಲ ಪಾಲಿಪುಗಳೂ ಕ್ಯಾನ್ಸರ್ ಆಗುವುದಿಲ್ಲ. ಆಗುವಂಥವು ಆ ಸ್ಥಿತಿಗೆ ಮುಟ್ಟಲು ಸಾಮಾನ್ಯವಾಗಿ ಸುಮಾರು 10 ವರ್ಷ ಹಿಡಿಯುತ್ತದೆ. ಆ ಅವಧಿಯೊಳಗೆ ಕೊಲೊನೋಸ್ಕೋಪಿ ಎಂಬ ನಳಿಕೆಯ ಪರೀಕ್ಷೆಯಲ್ಲಿ ಅದು ಕಣ್ಣಿಗೆ ಬಿದ್ದರೆ ಅಲ್ಲಿಯೇ ಕಿತ್ತುಹಾಕಬಹುದು, ಹೊಟ್ಟೆ ಕೊಯ್ಯಬೇಕಾಗಿಲ್ಲ.

ಒಳಪದರದ ಮೇಲ್ಭಾಗದಲ್ಲಷ್ಟೇ ಇರುವ ಕ್ಯಾನ್ಸರ್ ದೂರ ಹೋಗಲಾರದು. ಎರಡನೆಯ ಪದರಕ್ಕೆ ಇಳಿದಾಗ ಅದಕ್ಕೆ ನಾಳಗಳು ಸಿಗುತ್ತವೆ. ಆಳ ಹೆಚ್ಚಿದಂತೆ ಹರಡುವ ಸಂಭವವೂ ಹೆಚ್ಚುತ್ತದೆ. ವೈದ್ಯರು ಗಡ್ಡೆಯ ಅಗಲಕ್ಕಿಂತ ಅದು ಎಷ್ಟು ಆಳಕ್ಕೆ ಇಳಿದಿದೆ ಎಂಬುದಕ್ಕೆ ಬೆಲೆ ಕೊಡುವುದು ಇದೇ ಕಾರಣಕ್ಕೆ.

ಹೊರಟ ಕಣಗಳೆಲ್ಲ ಬೇರೂರುವುದಿಲ್ಲ

ಆರೋಗ್ಯವಂತ ಜೀವಕೋಶಗಳು ಪಕ್ಕದ ಕೋಶಗಳಿಗೆ ಅಂಟಿಕೊಂಡು ತಮ್ಮ ತಮ್ಮ ಸ್ಥಾನದಲ್ಲಿರುತ್ತವೆ. ಜಾಗ ತಪ್ಪಿದ ಕೋಶ ತಾನಾಗಿ ಸಾಯುವಂತೆ ದೇಹದಲ್ಲಿ ವ್ಯವಸ್ಥೆಯಿದೆ. ಕ್ಯಾನ್ಸರ್ ಕಣಗಳಲ್ಲಿ ಕೆಲವು ಈ ಎರಡು ಕಟ್ಟುಗಳನ್ನೂ ಮೀರುತ್ತವೆ. ಅಂಟು ಸಡಿಲಿಸಿಕೊಂಡು, ಸುತ್ತಲಿನ ಅಂಗಾಂಶವನ್ನು ಕರಗಿಸುವ ಕಿಣ್ವಗಳನ್ನು ಸುರಿದು, ನಾಳದ ಗೋಡೆಯನ್ನು ಭೇದಿಸಿ ಒಳನುಗ್ಗುತ್ತವೆ. ಹರಿಯುವ ರಕ್ತದ ರಭಸವನ್ನು ತಾಳಿಕೊಂಡು, ದೇಹದ ರಕ್ಷಕ ಕೋಶಗಳಿಂದ ತಪ್ಪಿಸಿಕೊಂಡು, ಬೇರೊಂದು ಅಂಗದಲ್ಲಿ ಹೊರಗಿಳಿದು, ಅಲ್ಲಿ ಹೊಸ ರಕ್ತನಾಳಗಳನ್ನು ತಮ್ಮತ್ತ ಸೆಳೆದುಕೊಂಡರೆ ಮಾತ್ರ ಅಲ್ಲಿ ಗಡ್ಡೆ ಬೆಳೆಯುತ್ತದೆ. ಇಷ್ಟೂ ಹಂತಗಳನ್ನು ದಾಟುವ ಕಣಗಳು ಅತಿ ವಿರಳ. ಪ್ರಾಣಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ರಕ್ತಕ್ಕೆ ಸೇರಿದ ಕಣಗಳಲ್ಲಿ ತೀರ ಅಲ್ಪ ಭಾಗ ಮಾತ್ರ ಹೊಸ ಗಡ್ಡೆಯಾದುದು ಕಂಡುಬಂದಿದೆ.

ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ 1889ರಲ್ಲಿ, ಸ್ತನ ಕ್ಯಾನ್ಸರಿನಿಂದ ತೀರಿಕೊಂಡ 735 ಮಂದಿಯ ದಾಖಲೆಗಳನ್ನು ಪರಿಶೀಲಿಸಿ, ಸ್ಥಾನಾಂತರವು ಎಲ್ಲ ಅಂಗಗಳಲ್ಲಿಯೂ ಒಂದೇ ಸಮನಾಗಿ ಆಗುವುದಿಲ್ಲ ಎಂದು ತೋರಿಸಿದನು. ಬೀಜ ಎಲ್ಲ ಕಡೆಗೂ ಚೆಲ್ಲುತ್ತದೆ, ಹೊಂದುವ ನೆಲ ಸಿಕ್ಕಲ್ಲಿ ಮಾತ್ರ ಮೊಳೆಯುತ್ತದೆ ಎಂಬುದು ಅವನ ವಾದ. ಅಮೆರಿಕದ ಜೇಮ್ಸ್ ಯೂಯಿಂಗ್ 1928ರಲ್ಲಿ ಬೇರೆ ಮಾತು ಹೇಳಿದನು: ರಕ್ತ ಮೊದಲು ಎಲ್ಲಿಗೆ ಹರಿಯುತ್ತದೋ ಅಲ್ಲಿಯೇ ಕಣಗಳು ಸಿಕ್ಕಿಕೊಳ್ಳುತ್ತವೆ. ಇಂದು ಎರಡರಲ್ಲಿಯೂ ಸತ್ಯವಿದೆ ಎಂದು ಒಪ್ಪಲಾಗಿದೆ. ಜೀರ್ಣಾಂಗಗಳ ಕ್ಯಾನ್ಸರಿನಲ್ಲಿ ಯೂಯಿಂಗನ ಮಾತು ಎದ್ದು ಕಾಣುತ್ತದೆ. ಕರುಳಿನ ರಕ್ತ ಮೊದಲು ಹೋಗುವುದು ಯಕೃತ್ತಿಗೆ.

ಹರಡುವ ಐದು ದಾರಿಗಳು

ಮೊದಲನೆಯದು ನೆರೆಯ ಅಂಗಕ್ಕೆ ನೇರವಾಗಿ ಚಾಚುವುದು. ಗೋಡೆಯನ್ನು ದಾಟಿದ ಗಡ್ಡೆ ಪಕ್ಕದಲ್ಲಿ ಏನಿದೆಯೋ ಅದನ್ನೇ ಹಿಡಿಯುತ್ತದೆ. ಅನ್ನನಾಳದ್ದು ಶ್ವಾಸನಾಳಕ್ಕೆ, ಜಠರದ್ದು ಮೇದೋಜೀರಕ ಗ್ರಂಥಿಗೆ, ಗುದನಾಳದ್ದು ಮೂತ್ರಕೋಶಕ್ಕೆ ಅಥವಾ ಗರ್ಭಕೋಶಕ್ಕೆ ತಾಗಬಹುದು.

ಎರಡನೆಯದು ದುಗ್ಧರಸದ ದಾರಿ. ಅಂಗಾಂಶಗಳ ನಡುವೆ ಉಳಿಯುವ ದ್ರವವನ್ನು ಹಿಂದಕ್ಕೆ ಒಯ್ಯುವ ಸೂಕ್ಷ್ಮನಾಳಗಳ ಜಾಲವೊಂದು ದೇಹದಲ್ಲಿದೆ. ದಾರಿಯುದ್ದಕ್ಕೂ ಅವರೆಕಾಳಿನಂಥ ಗ್ರಂಥಿಗಳು ಆ ದ್ರವವನ್ನು ಸೋಸುತ್ತವೆ. ಗಾಯವಾದಾಗ ಕಂಕುಳಲ್ಲೋ ತೊಡೆಸಂದಿಯಲ್ಲೋ ಊದಿಕೊಳ್ಳುವ ಗಳಲೆ ಇಂಥ ದುಗ್ಧಗ್ರಂಥಿಯೇ. ಕ್ಯಾನ್ಸರ್ ಕಣಗಳು ಮೊದಲು ಹತ್ತಿರದ ಗ್ರಂಥಿಗಳಲ್ಲಿ, ಬಳಿಕ ದೂರದವುಗಳಲ್ಲಿ ಸಿಕ್ಕಿಬೀಳುತ್ತವೆ. ಹೊಟ್ಟೆಯ ದುಗ್ಧರಸವೆಲ್ಲ ಎದೆಯ ಮೂಲಕ ಮೇಲೇರಿ ಎಡಗಡೆಯ ಕತ್ತಿನ ಬುಡದಲ್ಲಿ ರಕ್ತಕ್ಕೆ ಸೇರುತ್ತದೆ. ಈ ಕಾರಣದಿಂದ ಜಠರದ ಕ್ಯಾನ್ಸರಿನ ಮೊದಲ ಗುರುತು ಕೆಲವೊಮ್ಮೆ ಎಡ ಕೊರಳೆಲುಬಿನ ಮೇಲೆ ಕಾಣುವ ಗಟ್ಟಿ ಗಂಟು ಆಗಿರುತ್ತದೆ. ಜರ್ಮನಿಯ ರುಡಾಲ್ಫ್ ವಿರ್ಷೋ 19ನೆಯ ಶತಮಾನದಲ್ಲಿ ಇದನ್ನು ಗುರುತಿಸಿದನು. ಆ ಗಂಟಿಗೆ ಇಂದಿಗೂ ಅವನದೇ ಹೆಸರು. ಹೊಟ್ಟೆನೋವೆಂದು ಹೋದವರ ಕುತ್ತಿಗೆಯನ್ನು ವೈದ್ಯರು ಮುಟ್ಟಿ ನೋಡುವುದು ಇದಕ್ಕಾಗಿ.

ಮೂರನೆಯದು ರಕ್ತದ ದಾರಿ. ಕೈಕಾಲುಗಳಿಂದ ಹಿಂತಿರುಗುವ ರಕ್ತ ನೇರವಾಗಿ ಹೃದಯಕ್ಕೆ ಹೋಗುತ್ತದೆ. ಜಠರ, ಕರುಳು, ಮೇದೋಜೀರಕ ಗ್ರಂಥಿಗಳ ರಕ್ತಕ್ಕೆ ಈ ನೇರ ದಾರಿಯಿಲ್ಲ. ಅದು ಪೋರ್ಟಲ್ ಅಭಿಧಮನಿ ಎಂಬ ದೊಡ್ಡ ನಾಳದಲ್ಲಿ ಕೂಡಿಕೊಂಡು ಮೊದಲು ಯಕೃತ್ತಿಗೆ ಹೋಗುತ್ತದೆ. ಕರುಳು ಹೀರಿಕೊಂಡ ಪೋಷಕಾಂಶಗಳನ್ನು ಮೊದಲು ಯಕೃತ್ತು ಸಂಸ್ಕರಿಸಬೇಕೆಂಬುದಕ್ಕೆ ಪ್ರಕೃತಿ ಮಾಡಿಟ್ಟ ಏರ್ಪಾಡು ಇದು. ಯಕೃತ್ತಿಗೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಈ ನಾಳದಿಂದಲೇ ಬರುತ್ತದೆ. ಅಲ್ಲಿ ಅದು ಸಣ್ಣಸಣ್ಣ ಕಾಲುವೆಗಳಲ್ಲಿ ನಿಧಾನವಾಗಿ ಹರಿಯುತ್ತದೆ. ಆ ಕಾಲುವೆಗಳ ಗೋಡೆಗಳಲ್ಲಿ ರಂಧ್ರಗಳೂ ಇವೆ. ಅನ್ನದ ಸಾರ ಸಾಗುವ ದಾರಿಯಲ್ಲಿಯೇ ಕ್ಯಾನ್ಸರ್ ಕಣವೂ ಸಾಗಿ ಅಲ್ಲಿ ನಿಲ್ಲುತ್ತದೆ. ಯಕೃತ್ತನ್ನು ದಾಟಿ ಹೋದವುಗಳಿಗೆ ಮುಂದೆ ಸಿಗುವ ಜರಡಿ ಶ್ವಾಸಕೋಶ. ಎಲುಬು, ಮೆದುಳುಗಳನ್ನು ಮುಟ್ಟುವುದು ಇವುಗಳಿಗಿಂತ ಕಡಿಮೆ.

ನಾಲ್ಕನೆಯದು ಉದರದ ಪೊಳ್ಳಿನ ದಾರಿ. ಹೊಟ್ಟೆಯೊಳಗಿನ ಅಂಗಗಳನ್ನೂ ಹೊಟ್ಟೆಯ ಗೋಡೆಯನ್ನೂ ಹೊದ್ದುಕೊಂಡಿರುವ ನುಣುಪಾದ ಪೊರೆಯೇ ಉದರಪೊರೆ. ಹೊರಪೊರೆಯನ್ನು ತೂರಿ ಬಂದ ಗಡ್ಡೆಯಿಂದ ಕಣಗಳು ಉದುರಿ, ಅಲ್ಲಿರುವ ಸ್ವಲ್ಪ ದ್ರವದಲ್ಲಿ ತೇಲಿ, ಉದರಪೊರೆಯ ಮೇಲೆ ಅಲ್ಲಲ್ಲಿ ಸಾಸಿವೆ ಎರಚಿದಂತೆ ಮೊಳೆಯುತ್ತವೆ. ಇದರಿಂದ ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳಬಹುದು. ಅಂಡಾಶಯಗಳಲ್ಲಿ ಗಡ್ಡೆ ಬೆಳೆಯುವುದೂ ಉಂಟು. ಜರ್ಮನಿಯ ಫ್ರೆಡ್ರಿಕ್ ಕ್ರುಕೆನ್‌ಬರ್ಗ್ 1896ರಲ್ಲಿ ಅಂಡಾಶಯದ ಇಂಥ ಗಡ್ಡೆಗಳನ್ನು ವಿವರಿಸಿದಾಗ ಅವು ಅಲ್ಲಿಯೇ ಹುಟ್ಟಿದವೆಂದು ಭಾವಿಸಿದ್ದನು. ಹೆಚ್ಚಿನವು ಜಠರದಿಂದ ಬಂದವೆಂಬುದು ಬಳಿಕ ತಿಳಿಯಿತು. ಹೊಕ್ಕುಳಲ್ಲಿ ಕಾಣುವ ಗಟ್ಟಿ ಗಂಟು ಇನ್ನೊಂದು ಗುರುತು. ಅಮೆರಿಕದ ರಾಚೆಸ್ಟರಿನ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ವಿಲಿಯಂ ಮೇಯೋ ಅವರ ಸಹಾಯಕಿಯಾಗಿದ್ದ ದಾದಿ ಸಿಸ್ಟರ್ ಮೇರಿ ಜೋಸೆಫ್, ಹೊಟ್ಟೆಯ ಕ್ಯಾನ್ಸರ್ ಹರಡಿದವರಲ್ಲಿ ಇದನ್ನು ಗಮನಿಸಿದ್ದರು. ಆ ಗಂಟಿಗೆ ಅವರ ಹೆಸರೇ ನಿಂತಿದೆ.

ಐದನೆಯದು ನರಗಳ ದಾರಿ. ಮೇದೋಜೀರಕ ಗ್ರಂಥಿಯ ಮತ್ತು ಪಿತ್ತನಾಳದ ಕ್ಯಾನ್ಸರುಗಳು ನರದ ಕವಚವನ್ನು ಹಿಡಿದು ಸಾಗುತ್ತವೆ. ಬೆನ್ನಿಗೆ ಹಾಯುವ, ರಾತ್ರಿ ಮಲಗಿದಾಗ ಹೆಚ್ಚುವ ನೋವಿಗೆ ಇದೊಂದು ಕಾರಣ.

ಅಂಗದಿಂದ ಅಂಗಕ್ಕೆ ಬೇರೆಯಾಗುವ ನಡೆ

ಅನ್ನನಾಳ. ಇದರ ಬಹುಭಾಗಕ್ಕೆ ಹೊರಪೊರೆಯೇ ಇಲ್ಲ. ಒಳಪದರದ ಕೆಳಗಿನ ದುಗ್ಧನಾಳಗಳು ಉದ್ದಕ್ಕೂ ಹರಿಯುತ್ತವೆ. ಇದರಿಂದ ಕ್ಯಾನ್ಸರ್ ಬೇಗನೆ ಗ್ರಂಥಿಗಳಿಗೆ, ಕುತ್ತಿಗೆಯತ್ತಲೂ ಹೊಟ್ಟೆಯತ್ತಲೂ ಹೋಗಬಲ್ಲದು. ಗಟ್ಟಿ ಅನ್ನ ಇಳಿಯದೆ ಗಂಜಿ ಮಾತ್ರ ಇಳಿಯುವ ಹೊತ್ತಿಗೆ ನಾಳ ಸಾಕಷ್ಟು ಕಟ್ಟಿರುತ್ತದೆ. ಹೊಗೆಸೊಪ್ಪು, ಮದ್ಯ, ಹೊಗೆಸೊಪ್ಪು ಬೆರೆತ ವೀಳ್ಯ ಇವು ಇದರ ತಿಳಿದ ಕಾರಣಗಳು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೇ ಕ್ಯಾನ್ಸರ್ ಕಾರಕವೆಂದು ಹೆಸರಿಸಿದೆ. ಕಾಸರಗೋಡಿನಲ್ಲಿ ಎಷ್ಟೋ ಮನೆಗಳ ಬದುಕು ಅಡಿಕೆಯಿಂದ ನಡೆಯುತ್ತದೆ. ಆ ಮನೆಗಳಿಗೆ ಇದು ಹೇಳಲು ಕಷ್ಟದ ಮಾತು. ಆದರೂ ಅದನ್ನು ಮಕ್ಕಳಿಂದ ಮುಚ್ಚಿಡಬಾರದು.

ಜಠರ. ಹತ್ತಿರದ ಗ್ರಂಥಿಗಳು, ಯಕೃತ್ತು, ಉದರಪೊರೆ ಈ ಮೂರೂ ಕಡೆಗೆ ಹೋಗುತ್ತದೆ. ಉದರಪೊರೆಯ ಮೇಲಿನ ಸಣ್ಣ ಕಾಳುಗಳು ಸ್ಕ್ಯಾನಿನಲ್ಲಿ ಕಾಣದೇ ಇರಬಹುದು. ಅದಕ್ಕಾಗಿ ದೊಡ್ಡ ಆಪರೇಶನ್ನಿಗೆ ಮೊದಲು ಲ್ಯಾಪರೋಸ್ಕೋಪಿ ಮಾಡಿ, ಸಣ್ಣ ತೂತಿನ ಮೂಲಕ ಕ್ಯಾಮರಾ ಇಳಿಸಿ ನೋಡುವುದುಂಟು. “ಆಪರೇಶನ್ ಮಾಡಲು ಹೋಗಿ ನೋಡಿ ಮುಚ್ಚಿದರು” ಎಂದು ಬೇಸರಪಡುವ ಮನೆಯವರು ಈ ಪರೀಕ್ಷೆಯ ಉದ್ದೇಶವನ್ನು ಮೊದಲೇ ಕೇಳಿ ತಿಳಿದಿರಬೇಕು.

ದೊಡ್ಡ ಕರುಳು ಮತ್ತು ಗುದನಾಳ. ದೊಡ್ಡ ಕರುಳಿನದು ದೂರಕ್ಕೆ ಹೋದರೆ ಮೊದಲು ಯಕೃತ್ತಿಗೆ ಹೋಗುವುದೇ ಹೆಚ್ಚು. ಗುದನಾಳದ ಮೇಲ್ಭಾಗದ ರಕ್ತವೂ ಯಕೃತ್ತಿಗೇ ಹೋಗುತ್ತದೆ. ಕೆಳಭಾಗದ್ದು ಯಕೃತ್ತನ್ನು ಬಳಸಿಕೊಂಡು ನೇರವಾಗಿ ಹೃದಯದತ್ತ ಸಾಗುತ್ತದೆ. ಆದ್ದರಿಂದ ಗುದನಾಳದ ಕೆಳಭಾಗದ ಕ್ಯಾನ್ಸರ್ ಯಕೃತ್ತನ್ನು ಮುಟ್ಟದೆ ಶ್ವಾಸಕೋಶಕ್ಕೆ ಹೋಗಬಲ್ಲದು. “ಮೂಲವ್ಯಾಧಿಯ ಜಾಗದ ಕಾಯಿಲೆಗೆ ಎದೆಯ ಸ್ಕ್ಯಾನ್ ಏಕೆ?” ಎಂಬ ಪ್ರಶ್ನೆಗೆ ಉತ್ತರ ಇದು. ಗುದದ್ವಾರದ ಕ್ಯಾನ್ಸರಾದರೆ ತೊಡೆಸಂದಿಯ ಗ್ರಂಥಿಗಳಿಗೆ ಹೋಗುತ್ತದೆ.

ಮೇದೋಜೀರಕ ಗ್ರಂಥಿ. ಹೊಟ್ಟೆಯ ಹಿಂಭಾಗದಲ್ಲಿ, ದೊಡ್ಡ ರಕ್ತನಾಳಗಳಿಗೆ ಅಂಟಿಕೊಂಡಂತೆ ಅಡಗಿರುವ ಅಂಗ. ಗಡ್ಡೆ ಚಿಕ್ಕದಿರುವಾಗಲೇ ನರ, ನಾಳಗಳನ್ನು ಸುತ್ತಿಕೊಳ್ಳುತ್ತದೆ. ಕಾಯಿಲೆ ಪತ್ತೆಯಾಗುವ ಹೊತ್ತಿಗೆ ಆಪರೇಶನ್ ಸಾಧ್ಯವಿರುವವರು 100ರಲ್ಲಿ ಸುಮಾರು 15ರಿಂದ 20 ಮಂದಿ ಮಾತ್ರ. ನೋವಿಲ್ಲದೆ ಬರುವ ಕಾಮಾಲೆಯನ್ನು ಹಸಿರು ಮದ್ದಿನಲ್ಲಿಯೇ ಗುಣಪಡಿಸುತ್ತೇವೆಂದು ವಾರಗಟ್ಟಲೆ ಕಾಯುವುದು ಇಂಥವರ ಪಾಲಿಗೆ ದೊಡ್ಡ ನಷ್ಟ.

ಪಿತ್ತಕೋಶ. ಇದರ ಗೋಡೆ ತೆಳು, ಒಂದು ಪಕ್ಕ ಯಕೃತ್ತಿಗೇ ಒರಗಿಕೊಂಡಿದೆ. ಹಾಗಾಗಿ ನೇರವಾಗಿ ಯಕೃತ್ತಿಗೆ ಚಾಚುತ್ತದೆ. ಕಲ್ಲಿಗಾಗಿ ತೆಗೆದ ಪಿತ್ತಕೋಶವನ್ನು ಪರೀಕ್ಷೆಗೆ ಕಳಿಸಿದಾಗ ಕ್ಯಾನ್ಸರ್ ಪತ್ತೆಯಾಗುವುದೂ ಉಂಟು. ಆ ವರದಿಯನ್ನು ಕೇಳಿ ಪಡೆಯಲು ಮರೆಯಬಾರದು.

ಯಕೃತ್ತು. ಇಲ್ಲಿಯೇ ಹುಟ್ಟುವ ಕ್ಯಾನ್ಸರ್ ಯಕೃತ್ತಿನೊಳಗಿನ ರಕ್ತನಾಳಗಳಿಗೆ ನುಗ್ಗಿ, ಅದೇ ಅಂಗದ ಬೇರೆ ಭಾಗಗಳಿಗೂ ಶ್ವಾಸಕೋಶಕ್ಕೂ ಹೋಗುತ್ತದೆ. ಹೆಪಟೈಟಿಸ್ ಬಿ ಸೋಂಕು ಇದರ ಮುಖ್ಯ ಕಾರಣಗಳಲ್ಲೊಂದು. ಹುಟ್ಟಿದ 24 ಗಂಟೆಯೊಳಗೆ ಮಗುವಿಗೆ ಕೊಡುವ ಆ ಲಸಿಕೆ ಒಂದು ಬಗೆಯಲ್ಲಿ ಕ್ಯಾನ್ಸರ್ ತಡೆಯುವ ಲಸಿಕೆಯೂ ಹೌದು.

ಸಣ್ಣ ಕರುಳಿನ ಕ್ಯಾನ್ಸರ್ ವಿರಳ.

ವರದಿಯಲ್ಲಿ ಕಾಣುವ ಮಾತುಗಳು

ಗುದನಾಳದ ಕ್ಯಾನ್ಸರನ್ನು ಗೋಡೆಯ ಆಳ ಮತ್ತು ಗ್ರಂಥಿಗಳ ಆಧಾರದ ಮೇಲೆ ಎ, ಬಿ, ಸಿ ಎಂದು ವಿಂಗಡಿಸಿದವನು ಲಂಡನ್ನಿನ ಕತ್‌ಬರ್ಟ್ ಡ್ಯೂಕ್ಸ್, 1932ರಲ್ಲಿ. ಇಂದು ಬಳಕೆಯಲ್ಲಿರುವ ಟಿಎನ್ಎಂ ಪದ್ಧತಿಯನ್ನು ಫ್ರಾನ್ಸಿನ ಪಿಯೇರ್ ದೆನ್ವಾ 1943ರಿಂದ 1952ರ ನಡುವೆ ರೂಪಿಸಿದನು. ಹರಡುವ ದಾರಿಗಳನ್ನು ಅಂಕಿಗಳಲ್ಲಿ ಬರೆಯುವ ಕ್ರಮವಿದು.

ಟಿ ಎಂದರೆ ಗಡ್ಡೆಯ ಆಳ. ದೊಡ್ಡ ಕರುಳಿನಲ್ಲಿ ಟಿ1 ಎರಡನೆಯ ಪದರದವರೆಗೆ, ಟಿ2 ಸ್ನಾಯುಪದರದವರೆಗೆ, ಟಿ3 ಸ್ನಾಯುವನ್ನು ದಾಟಿ, ಟಿ4 ಹೊರಪೊರೆಯನ್ನು ತೂರಿ ಅಥವಾ ಪಕ್ಕದ ಅಂಗಕ್ಕೆ.

ಎನ್ ಎಂದರೆ ಗ್ರಂಥಿಗಳು. ದೊಡ್ಡ ಕರುಳಿನಲ್ಲಿ ಎನ್0 ಎಂದರೆ ಯಾವ ಗ್ರಂಥಿಯಲ್ಲಿಯೂ ಇಲ್ಲ. ಎನ್1 ಎಂದರೆ 1ರಿಂದ 3 ಗ್ರಂಥಿಗಳಲ್ಲಿ. ಎನ್2 ಎಂದರೆ 4 ಅಥವಾ ಹೆಚ್ಚು. ಈ ಲೆಕ್ಕ ನಂಬಿಕೆಗೆ ಅರ್ಹವಾಗಬೇಕಾದರೆ ಆಪರೇಶನ್ನಿನಲ್ಲಿ ತೆಗೆದ ಭಾಗದಿಂದ ಕನಿಷ್ಠ 12 ಗ್ರಂಥಿಗಳನ್ನಾದರೂ ಪರೀಕ್ಷಿಸಿರಬೇಕೆಂಬುದು ಅಂಗೀಕೃತ ನಿಯಮ.

ಎಂ ಎಂದರೆ ದೂರದ ಸ್ಥಾನಾಂತರ. ಎಂ0 ಇಲ್ಲ, ಎಂ1 ಇದೆ.

ಸ್ಟೇಜ್ ಎಂಬುದು ಈ ಮೂರರ ಮೊತ್ತ. ದೊಡ್ಡ ಕರುಳಿನಲ್ಲಿ 1 ಮತ್ತು 2ನೆಯ ಹಂತಗಳಲ್ಲಿ ಕಾಯಿಲೆ ಗ್ರಂಥಿಗಳಿಗೆ ಹೋಗಿರುವುದಿಲ್ಲ, 3ರಲ್ಲಿ ಹೋಗಿರುತ್ತದೆ, 4ರಲ್ಲಿ ದೂರದ ಅಂಗಕ್ಕೆ ಹೋಗಿರುತ್ತದೆ. 3ನೆಯ ಹಂತದಲ್ಲಿ ಆಪರೇಶನ್ ಚೆನ್ನಾಗಿ ಆಗಿದ್ದರೂ ಕಿಮೋಥೆರಪಿ ಸೂಚಿಸುವುದು ಕಣ್ಣಿಗೆ ಕಾಣದೆ ಉಳಿದಿರಬಹುದಾದ ಕಣಗಳಿಗಾಗಿ.

ಗ್ರೇಡ್ ಎಂಬುದು ಸ್ಟೇಜ್ ಅಲ್ಲ. ಕಣಗಳು ಸಹಜ ಕೋಶಗಳಿಂದ ಎಷ್ಟು ದೂರ ಸರಿದಿವೆ ಎಂಬುದನ್ನು ಅದು ಹೇಳುತ್ತದೆ. ‘ಗ್ರೇಡ್ 3’ ಎಂದು ಓದಿ ಮೂರನೆಯ ಸ್ಟೇಜ್ ಎಂದು ಅಳುತ್ತ ಬಂದವರನ್ನು ನಾವು ಕಂಡಿದ್ದೇವೆ.

ಅಡೆನೋಕಾರ್ಸಿನೋಮಾ ಎಂದರೆ ಲೋಳೆ ಅಥವಾ ರಸ ಸ್ರವಿಸುವ ಕೋಶಗಳಲ್ಲಿ ಹುಟ್ಟಿದ ಕ್ಯಾನ್ಸರ್. ಜಠರ, ಕರುಳುಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ.

ಲಿಂಫೋವ್ಯಾಸ್ಕುಲರ್ ಇನ್ವೇಶನ್ ಎಂದರೆ ಗಡ್ಡೆಯ ಬಳಿಯ ದುಗ್ಧನಾಳ, ರಕ್ತನಾಳಗಳಲ್ಲಿ ಕಣಗಳು ಕಂಡಿವೆ ಎಂದು. ಪೆರಿನ್ಯೂರಲ್ ಇನ್ವೇಶನ್ ಎಂದರೆ ನರದ ಸುತ್ತ ಕಂಡಿವೆ ಎಂದು.

ಮಾರ್ಜಿನ್ ಎಂದರೆ ಕೊಯ್ದು ತೆಗೆದ ಭಾಗದ ಅಂಚು. ಅದು ನೆಗೆಟಿವ್ ಎಂದಿದ್ದರೆ ಅಂಚಿನಲ್ಲಿ ಕ್ಯಾನ್ಸರ್ ಉಳಿದಿಲ್ಲವೆಂದರ್ಥ. ಇದು ಒಳ್ಳೆಯ ಸುದ್ದಿ.

ಅಸೈಟಿಸ್ ಎಂದರೆ ಹೊಟ್ಟೆಯಲ್ಲಿ ತುಂಬಿದ ನೀರು. ಅದಕ್ಕೆ ಕ್ಯಾನ್ಸರಲ್ಲದೆ ಬೇರೆ ಕಾರಣಗಳೂ ಇರುತ್ತವೆ.

ಸಿಇಎ ಎಂಬುದು ರಕ್ತಪರೀಕ್ಷೆ. ಕರುಳಿನ ಕ್ಯಾನ್ಸರಿನ ಚಿಕಿತ್ಸೆಯಾದ ಬಳಿಕ ಕಾಯಿಲೆ ಮರಳುತ್ತಿದೆಯೇ ಎಂದು ಕಾವಲಿರಲು ಇದನ್ನು ಬಳಸುತ್ತಾರೆ. ಈ ಕಾವಲು ಸಾಮಾನ್ಯವಾಗಿ 5 ವರ್ಷ ನಡೆಯುತ್ತದೆ. ಮೈ ಹಗುರಾಯಿತೆಂದು ಒಂದು ವರ್ಷಕ್ಕೇ ಬಿಡಬಾರದು.

ಜೀವಕ್ಕೆ ಎರವಾಗುವ ತಪ್ಪು ತಿಳಿವಳಿಕೆಗಳು

“ಚೂರು ತೆಗೆದರೆ, ಕತ್ತಿ ತಾಗಿದರೆ ಹರಡುತ್ತದೆ.” ನಳಿಕೆ ಇಳಿಸಿ ಒಳಪದರದ ಚೂರು ತೆಗೆಯುವ ಬಯಾಪ್ಸಿಯಿಂದ ಕ್ಯಾನ್ಸರ್ ಹರಡುತ್ತದೆಂಬ ಭಯಕ್ಕೆ ಆಧಾರವಿಲ್ಲ. ಯಕೃತ್ತಿನ ಕೆಲವು ಗಡ್ಡೆಗಳಿಗೆ ಸೂಜಿ ಹಾಕಿದಾಗ ಅದರ ದಾರಿಯಲ್ಲಿ ಕಣ ಉಳಿಯುವುದು ವಿರಳವಾಗಿ ಉಂಟು. ವೈದ್ಯರಿಗೆ ಅದು ಗೊತ್ತಿದೆ. ಸ್ಕ್ಯಾನಿನಲ್ಲಿಯೇ ನಿರ್ಣಯ ಮಾಡಲು ಸಾಧ್ಯವಾದಲ್ಲಿ ಅವರು ಸೂಜಿ ಹಾಕುವುದಿಲ್ಲ. ಬಯಾಪ್ಸಿಗೆ ಹೆದರಿ ತಿಂಗಳುಗಳನ್ನು ಕಳೆಯುವುದರಿಂದ ಆಗುವ ಹಾನಿ ಬಹಳ ದೊಡ್ಡದು.

“ಹೊಟ್ಟೆ ಕೊಯ್ದು ಗಾಳಿ ತಾಗಿತು, ಹರಡಿತು.” ಗಾಳಿಯಿಂದ ಕ್ಯಾನ್ಸರ್ ಹರಡದು. ಒಳ್ಳೆಯ ಸ್ಕ್ಯಾನುಗಳಿಲ್ಲದ ಕಾಲದಲ್ಲಿ ಹೊಟ್ಟೆ ಕೊಯ್ದಾಗಲೇ ಕಾಯಿಲೆ ಎಷ್ಟು ಹರಡಿದೆ ಎಂಬುದು ಕಾಣುತ್ತಿತ್ತು. ಮೊದಲೇ ಆದದ್ದು ಆಗ ಕಂಡಿತು. ಜನ ಕತ್ತಿಯನ್ನು ದೂರಿದರು. ನಮ್ಮನ್ನು ಕೇಳಿದ ಆ ತಾಯಿಯ ಸಂಶಯವೂ ಇದೇ ಜಾತಿಯದು. ಸ್ಕ್ಯಾನಿಗೂ ಸಿಗದಷ್ಟು ಸಣ್ಣ ಕಣಗಳು ಆಪರೇಶನ್ನಿಗೆ ಮೊದಲೇ ಹೊರಟಿರುತ್ತವೆ. ತಿಂಗಳುಗಳು ಕಳೆದು ಅವು ಬೆಳೆದಾಗ ಕಣ್ಣಿಗೆ ಬೀಳುತ್ತವೆ.

“ಒಂದೇ ತಟ್ಟೆಯಲ್ಲಿ ಉಂಡರೆ ಅಂಟುತ್ತದೆ.” ಕ್ಯಾನ್ಸರ್ ರೋಗಿಯಿಂದ ಮನೆಯವರಿಗೆ ಹರಡುವುದಿಲ್ಲ. ಅಜ್ಜನ ಪಕ್ಕದಲ್ಲಿ ಮೊಮ್ಮಗು ಕೂತು ಉಣ್ಣಬಹುದು, ಮಲಗಬಹುದು. ಹೆಪಟೈಟಿಸ್ ಬಿ ವೈರಸ್ ಅಂಟುವಂಥದು. ಅದಕ್ಕೆ ಲಸಿಕೆ ಇದೆ. ಕಾಯಿಲೆಯವರನ್ನು ಬೇರೆ ಕೋಣೆಗೆ ತಳ್ಳುವುದರಿಂದ ಯಾರಿಗೂ ರಕ್ಷಣೆ ಸಿಗದು.

“ನಾಲ್ಕನೆಯ ಸ್ಟೇಜ್ ಅಂದರೆ ಮುಗಿಯಿತು.” ನಾಲ್ಕನೆಯ ಹಂತ ಗಂಭೀರವಾದುದೇ. ಆದರೂ ದೊಡ್ಡ ಕರುಳಿನ ಕ್ಯಾನ್ಸರ್ ಯಕೃತ್ತಿನಲ್ಲಿ ಕೆಲವೇ ಗಡ್ಡೆಗಳಾಗಿ ನಿಂತಿದ್ದರೆ, ಅವನ್ನು ಕೊಯ್ದು ತೆಗೆದು ಬಹಳ ವರ್ಷ ಬದುಕಿದವರಿದ್ದಾರೆ. ಕೆಲವರಲ್ಲಿ ಕಾಯಿಲೆ ಮರಳಿ ಬಂದಿಲ್ಲ. ಆರೋಗ್ಯವಾದ ಭಾಗ ಉಳಿದಿದ್ದರೆ ಯಕೃತ್ತು ಮತ್ತೆ ಬೆಳೆಯಬಲ್ಲ ಅಂಗ. ಗುಣವಾಗದೆಂದು ತಿಳಿದಾಗಲೂ ನೋವು, ವಾಂತಿ, ಹೊಟ್ಟೆಯುಬ್ಬರಗಳನ್ನು ತಗ್ಗಿಸುವ ಚಿಕಿತ್ಸೆಯಿದೆ. ಅದನ್ನು ಕೇಳಿ ಪಡೆಯುವುದು ರೋಗಿಯ ಹಕ್ಕು.

ಯಾವಾಗ, ಎಲ್ಲಿಗೆ, ಏನು ಕೇಳಬೇಕು

ಈ ಲಕ್ಷಣಗಳು ಎರಡು ಮೂರು ವಾರ ಕಳೆದರೂ ಹೋಗದಿದ್ದರೆ ವೈದ್ಯರನ್ನು ಕಾಣಬೇಕು: ನುಂಗುವಾಗ ಅನ್ನ ಸಿಕ್ಕಿಕೊಳ್ಳುವುದು, ಸ್ವಲ್ಪ ಉಂಡರೂ ಹೊಟ್ಟೆ ತುಂಬಿದಂತಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಮಲವಿಸರ್ಜನೆಯ ರೂಢಿ ಬದಲಾಗುವುದು. ಮಲದಲ್ಲಿ ರಕ್ತ, ಟಾರಿನಂಥ ಕಪ್ಪು ಮಲ, ರಕ್ತವಾಂತಿ, ಕಾಮಾಲೆ ಕಂಡರೆ ಕಾಯಲೇಬಾರದು. ರಕ್ತ ಹೋದರೆ ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸುವುದು ಸಲ್ಲದು. ದೊಡ್ಡ ಕರುಳಿನ ಬಲಭಾಗದ ಕ್ಯಾನ್ಸರ್ ಕಣ್ಣಿಗೆ ಕಾಣದಂತೆ ರಕ್ತ ಸೋರಿಸುತ್ತದೆ. ವಯಸ್ಸಾದವರಲ್ಲಿ ಕಾರಣ ತಿಳಿಯದ ರಕ್ತಹೀನತೆಯೊಂದೇ ಅದರ ಗುರುತಾಗಿರಬಹುದು. ಕಬ್ಬಿಣದ ಮಾತ್ರೆ ನುಂಗಿಸಿ ಸುಮ್ಮನಾಗದೆ, ರಕ್ತ ಎಲ್ಲಿ ಹೋಗುತ್ತಿದೆ ಎಂದು ಕೇಳಬೇಕು.

ಗಡಿನಾಡಿನವರಿಗೆ ಕೈಗೆಟಕುವ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್, ತಿರುವನಂತಪುರದ ರೀಜನಲ್ ಕ್ಯಾನ್ಸರ್ ಸೆಂಟರ್, ಚೆನ್ನೈಯ ಅಡ್ಯಾರ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್, ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿರುವ ನರ್ಗಿಸ್ ದತ್ ಸ್ಮಾರಕ ಆಸ್ಪತ್ರೆ, ಮುಂಬಯಿಯ ಟಾಟಾ ಮೆಮೋರಿಯಲ್, ಹೈದರಾಬಾದಿನ ಎಂಎನ್‌ಜೆ ಸಂಸ್ಥೆ, ಬೆಂಗಳೂರಿನ ಕಿದ್ವಾಯಿ ಸಂಸ್ಥೆಗಳು ಸೇರಿವೆ. ರಾಜ್ಯ ದಾಟಿ ಹೋಗುವವರು ತಮ್ಮ ಆರೋಗ್ಯ ಯೋಜನೆಯ ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂಬುದನ್ನು ಹೊರಡುವ ಮೊದಲೇ ವಿಚಾರಿಸಿಕೊಳ್ಳಬೇಕು.

ವೈದ್ಯರ ಮುಂದೆ ಕೂತಾಗ ಕೇಳಬೇಕಾದ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲಿಯೇ ಬರೆದುಕೊಳ್ಳಿರಿ. ಕ್ಯಾನ್ಸರ್ ಹುಟ್ಟಿದ್ದು ಎಲ್ಲಿ? ಎಷ್ಟು ಆಳಕ್ಕೆ ಇಳಿದಿದೆ? ಗ್ರಂಥಿಗಳಿಗೆ ಹೋಗಿದೆಯೇ? ದೂರದ ಅಂಗಕ್ಕೆ ಹೋಗಿದೆಯೇ? ಈಗ ಕೊಡುವ ಚಿಕಿತ್ಸೆ ಗುಣಪಡಿಸಲೋ, ತಡೆದು ನಿಲ್ಲಿಸಲೋ, ನೋವು ತಗ್ಗಿಸಲೋ? ಈ ಐದಕ್ಕೆ ಉತ್ತರ ತಿಳಿದರೆ ಕಾಯಿಲೆಯ ಮುಖ್ಯ ಸಂಗತಿಗಳೆಲ್ಲ ತಿಳಿದಂತೆ. ವರದಿಗಳ ಪ್ರತಿಗಳನ್ನು ತಾರೀಕಿನ ಪ್ರಕಾರ ಒಂದೇ ಕಡತದಲ್ಲಿಡಿರಿ. ಊರು ಬದಲಿಸಿದರೆ ಬಯಾಪ್ಸಿಯ ಸ್ಲೈಡ್ ಮತ್ತು ಬ್ಲಾಕುಗಳನ್ನು ಕೇಳಿ ಪಡೆದು ಜೊತೆಗೆ ಒಯ್ಯಿರಿ.

ಕೊನೆಯದಾಗಿ ಒಂದು ವಿನಂತಿ. ಇಂಗ್ಲಿಷ್ ಓದಲು ಬರುತ್ತದೆಂಬ ಕಾರಣಕ್ಕೆ ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳ ಕೈಗೆ ವರದಿ ಕೊಟ್ಟು “ಇದರಲ್ಲಿ ಏನಿದೆ ನೋಡು” ಎನ್ನುವುದನ್ನು ನಿಲ್ಲಿಸೋಣ. ತಂದೆಯ ಕಾಯಿಲೆಯ ತೀರ್ಪನ್ನು ಮೊದಲು ಓದುವ ಹೊರೆ ಮಗುವಿನ ಮೇಲೆ ಬೀಳಬಾರದು. ವರದಿಯನ್ನು ನಮ್ಮ ಬಳಿಗೆ ತನ್ನಿರಿ. ಗೊತ್ತಿರುವಷ್ಟನ್ನು ಕನ್ನಡದಲ್ಲಿ ಹೇಳುತ್ತೇವೆ, ಗೊತ್ತಿಲ್ಲದ್ದನ್ನು ವೈದ್ಯರಲ್ಲಿ ಕೇಳಲು ಜೊತೆಗೆ ಬರುತ್ತೇವೆ.